ಎರಡು ಚೌಕಗಳ ನಡುವಿನ ಬಿಳಿ

ಚಿತ್ರದಲ್ಲಿದ್ದ ಹೆಂಗಸಿಗೆ ಆರು ಕೈ, ಮೂರು ಮುಖ.

ಡೆಸ್ಪಿನಾ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಒಂದು ಕೈ ಬಾಗಿಲ ಚಿಲಕದ ಮೇಲಿತ್ತು, ಒಂದು ಎದೆಯ ಮೇಲೆ, ಮತ್ತೊಂದು ಕುರ್ಚಿ ಎಳೆಯುತ್ತಿತ್ತು. ಒಂದು ಮುಖ ಬೆಚ್ಚಿಬಿದ್ದಿತ್ತು, ಒಂದು ನಗುತ್ತಿತ್ತು, ಮೂರನೆಯದು ಮೂಗು ಸೋರಿಸಿಕೊಂಡು ಅಳುತ್ತಿತ್ತು. ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ: ‘ನೀವು ಬರೆದದ್ದನ್ನು ಬರೆದ ಹಾಗೇ ಬಿಡಿಸಿದ್ದೇನೆ. ಇಸಗನಿ ಲಕ್ಸಮಾನಾ, ವುಡ್‌ಸೈಡ್.’

ಕಾಮಿಕ್ಸಿಗೆಂದು ಅವಳು ಬರೆದು ಕಳಿಸಿದ್ದು ಇಷ್ಟೇ: ‘ಲೇಡಿ ಹಾರ್ಬರ್ ಬಾಗಿಲು ತೆರೆದು, ಮೇಜಿನ ಮೇಲೆ ಮುರಿದ ಮುಖವಾಡ ಕಂಡು ಬೆಚ್ಚಿ, ನಕ್ಕು, ಕುರ್ಚಿ ಎಳೆದು ಕೂತು ಅಳತೊಡಗಿದಳು.’ ಕಾದಂಬರಿಯಲ್ಲಾಗಿದ್ದರೆ ಈ ಸಾಲಿಗೆ ಓದುಗರು ಕಣ್ಣೊರೆಸಿಕೊಳ್ಳುತ್ತಿದ್ದರು. ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಡೆಸ್ಪಿನಾ ಕಲೋಯೆರಾಸ್‌ಳ ಪ್ರೇಮ ಕಾದಂಬರಿ ಹಿಡಿದು, ಇಳಿಯುವ ಸ್ಟೇಷನ್ ಮರೆತ ಹೆಂಗಸರಿಗೆ ಲೆಕ್ಕವಿಲ್ಲ. ಅಂಥವಳನ್ನು ಯಾವನೋ ಚಿತ್ರಗಾರ ಹಂಗಿಸುವುದೆಂದರೇನು?

ಅವಳು ಹಾಳೆಯನ್ನು ಸುರುಳಿ ಸುತ್ತಿ, ತುರುಬಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆಯುವುದನ್ನೂ ಮರೆತು, ಆಸ್ಟೋರಿಯಾದಿಂದ ವುಡ್‌ಸೈಡಿಗೆ ಬಸ್ಸು ಹತ್ತಿದಳು.

ಬಾಗಿಲು ತೆರೆದದ್ದು ಒಬ್ಬ ಕುಳ್ಳ ಮುದುಕಿ. ಮುಂದಿನ ಎರಡು ಹಲ್ಲುಗಳ ನಡುವೆ ಸಂದು. ಡೆಸ್ಪಿನಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ತಿರುಗಿ ಕೂಗಿದಳು.

“ಗನಿ, ನನ್ನ ಪುಸ್ತಕದ ಹಿಂದಿನ ಫೋಟೋ ಎದ್ದು ಬಂದು ಬಾಗಿಲಲ್ಲಿ ನಿಂತಿದೆ ಕಣೋ.”

ಒಳಗಿನಿಂದ ಬಂದವನಿಗೆ ನಲವತ್ತೈದರ ಆಸುಪಾಸು. ಅಂಗಿಯ ತೋಳು ಮಡಿಸಿದ್ದ, ಬೆರಳ ತುದಿಗೆ ಶಾಯಿ. ಅವಳ ಕೈಯಲ್ಲಿದ್ದ ಸುರುಳಿ ನೋಡಿ ಅವನ ಹುಬ್ಬು ಮೇಲೇರಿತು, ತುಟಿ ಮಾತ್ರ ನಗಲಿಲ್ಲ. ನಗು ಕಣ್ಣಲ್ಲೇ ಕೂತಿತ್ತು.

“ಜಗಳಕ್ಕೆ ಬಂದ್ರಾ?”

“ಹೌದು.”

“ಹಾಗಾದ್ರೆ ಊಟ ಮಾಡಿ. ಹೊಟ್ಟೆ ಹಸ್ಕೊಂಡು ಜಗಳ ಆಡಿದ್ರೆ ಗಂಟಲು ಬೇಗ ಒಣಗುತ್ತೆ.”

ಹುಣಸೆಹುಳಿ ಹಾಕಿದ ಮೀನಿನ ಸಾರು, ಅನ್ನ. ಮುದುಕಿ ಫೆಲಿಸಾ ಎದುರಿಗೆ ಕೂತು ಗಲ್ಲಕ್ಕೆ ಕೈಕೊಟ್ಟು ನೋಡುತ್ತಲೇ ಇದ್ದಳು. ಕೊನೆಗೆ ಕೇಳಿಯೇಬಿಟ್ಟಳು, “ಮಗಳೇ, ನಿನ್ನ ಕಥೇಲಿ ಎಲ್ಲರಿಗೂ ಮದುವೆ ಮಾಡಿಸ್ತೀಯ. ನಿನಗ್ಯಾಕೆ ಉಂಗುರ ಇಲ್ಲ?”

“ಅಮ್ಮಾ,” ಅಂದ ಗನಿ.

“ಒಮ್ಮೆ ಇತ್ತು,” ಡೆಸ್ಪಿನಾ ಹೇಳಿದಳು. “ಆ ಕಥೇನ ನಾನು ಬರೆದಿರಲಿಲ್ಲ.”

ಊಟ ಮುಗಿದ ಮೇಲೆ ಅವನು ಬೇರೊಂದು ಹಾಳೆ ತಂದು ಹರಡಿದ. ಅದೇ ದೃಶ್ಯ. ಮೊದಲ ಚೌಕದಲ್ಲಿ ಚಿಲಕದ ಮೇಲೆ ಒಂದು ಕೈ. ಎರಡನೆಯದರಲ್ಲಿ ಕುರ್ಚಿಯಲ್ಲಿ ಮುದುಡಿ ಕೂತ ಬೆನ್ನು. ಅಷ್ಟೇ. ಆದರೂ ಡೆಸ್ಪಿನಾಳ ಎದೆಯಲ್ಲಿ ಏನೋ ಕಳಚಿಬಿತ್ತು.

“ಒಂದು ಚೌಕ, ಒಂದು ಕೆಲಸ. ಕಾಮಿಕ್ಸಿನ ಬಾಲಪಾಠ ಇದು. ನೀವು ಬಾಗಿಲು ತೆಗೀಬಹುದು, ಇಲ್ಲಾ ಅಳಬಹುದು. ಒಂದೇ ಚೌಕದಲ್ಲಿ ಎರಡೂ ಆಗಲ್ಲ.”

“ನಡೆದು ಬಂದದ್ದು? ನಕ್ಕದ್ದು? ಅದೆಲ್ಲಾ ಎಲ್ಲಿ ಹೋಯ್ತು?”

ಅವನು ಎರಡು ಚೌಕಗಳ ನಡುವಿನ ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟ.

“ಇಲ್ಲಿ.”

“ಇಲ್ಲಿ ಏನೂ ಇಲ್ವಲ್ಲ.”

“ಅದಕ್ಕೇ ಎಲ್ಲಾ ಇಲ್ಲೇ ನಡೆಯೋದು. ಓದೋರು ನಡೆಸ್ಕೋತಾರೆ. ಚೌಕದ ಒಳಗಿರೋದೆಲ್ಲಾ ಕಂಪನೀದು. ಗೆರೆ, ಬಣ್ಣ, ಹೆಸರು, ನಾನು ಬಿಡಿಸಿದ ಮೂಗು ಕೂಡ. ಈ ಬಿಳಿ ಒಂದು ಯಾರದೂ ಅಲ್ಲ.”

ಆಗ ಮನೆಯ ಪಕ್ಕದ ಕಬ್ಬಿಣದ ಸೇತುವೆಯ ಮೇಲೆ ರೈಲು ಬಂತು. ಮೇಜು ನಡುಗಿತು, ಲೋಟಗಳು ಕಿಣಿಕಿಣಿ ಎಂದವು, ಮಾತು ಕೇಳಿಸದಾಯಿತು. ರೈಲು ಹೋಗುವ ತನಕ ಗನಿ, ತಿದ್ದಲೆಂದು ಕೈಗೆತ್ತಿಕೊಂಡಿದ್ದ ಕುಂಚವನ್ನು ಕಾಗದದಿಂದ ಎತ್ತಿ ಗಾಳಿಯಲ್ಲಿ ಹಿಡಿದು ಕೂತ. ಎಷ್ಟೋ ವರ್ಷದ ಅಭ್ಯಾಸ ಅದು. ಬೇರೆ ಕೆಲಸವಿಲ್ಲದ ಅವನ ಕಣ್ಣು ಅವಳ ತುರುಬಿನ ಪೆನ್ಸಿಲಿನ ಮೇಲೆ ನಿಂತಿತು, ಅಲ್ಲಿಂದ ಕಿವಿಗೆ ಇಳಿಯಿತು, ಕಿವಿಯಿಂದ ಅವಳ ಕಣ್ಣಿಗೆ ಬಂತು. ಇಬ್ಬರೂ ನೋಟ ಕೀಳಲಿಲ್ಲ. ಮಾತಾಡುವಂತಿರಲಿಲ್ಲವಲ್ಲ.

ರೈಲು ಹೋಯಿತು.

“ಏನೋ ಹೇಳ್ತಾ ಇದ್ರಿ,” ಅಂದಳು ಡೆಸ್ಪಿನಾ.

“ಇಲ್ಲ, ಹೇಳಿ ಆಯ್ತು,” ಅಂದ ಗನಿ.

*

ಅವಳು ಈ ಕೆಲಸಕ್ಕೆ ಒಪ್ಪಿದ್ದೇ ಉಸಿರುಗಟ್ಟಿ. ಪ್ರಕಾಶಕರಿಗೆ ಪ್ರತಿ ಕಾದಂಬರಿಯೂ ಮದುವೆಯಲ್ಲೇ ಮುಗಿಯಬೇಕು. ಒಮ್ಮೆ ಒಬ್ಬ ನಾಯಕಿಯನ್ನು ಒಂಟಿಯಾಗಿ ಸಮುದ್ರದಂಡೆಯಲ್ಲಿ ನಿಲ್ಲಿಸಿ ಕಥೆ ಮುಗಿಸಿದ್ದಕ್ಕೆ, ಕೊನೆಯ ಅಧ್ಯಾಯ ಹಿಂದಕ್ಕೆ ಬಂದಿತ್ತು. ಕಾಮಿಕ್ಸ್ ಕಂಪನಿಯವರು ಹುಡುಕಿಕೊಂಡು ಬಂದಾಗ, ಹಾರುವ ಹೆಂಗಸಿಗಾದರೂ ಮದುವೆ ಮಾಡಿಸುವ ಕಾಟ ಇರಲಿಕ್ಕಿಲ್ಲವೆಂದು ಅವಳು ಸಹಿ ಹಾಕಿದಳು.

ಒಳಗೆ ಹೋದ ಮೇಲೆ ತಿಳಿಯಿತು, ಇದು ಇನ್ನೊಂದು ಪಂಜರ. ಲೇಡಿ ಹಾರ್ಬರ್ ಅಜ್ಜಂದಿರ ಕಾಲದಿಂದ ಹೆಗಲಿನಿಂದ ಇಳಿಬಿದ್ದ ಅದೇ ನೀಲಿ ನಿಲುವಂಗಿಯಲ್ಲಿ ಬಂದರು ಕಾಯುತ್ತಿದ್ದಾಳೆ. ಅವಳಿಗೆ ವಯಸ್ಸಾಗುವಂತಿಲ್ಲ, ಕೆಲಸ ಬಿಡುವಂತಿಲ್ಲ, ಕೂದಲು ಕತ್ತರಿಸಿಕೊಳ್ಳುವಂತಿಲ್ಲ. ಯಾರು ಏನೇ ಕಥೆ ಬರೆಯಲಿ, ಕೊನೆಯ ಪುಟದಲ್ಲಿ ಅವಳನ್ನು ಎತ್ತಿಕೊಂಡಲ್ಲೇ ಇಟ್ಟು ಹೋಗಬೇಕು. ಬಾಡಿಗೆ ಪಾತ್ರೆಯಂತೆ.

ಗನಿಯ ಪಂಜರ ಇನ್ನೂ ಗಟ್ಟಿ. ಕಂಪನಿಯ ಕರಾರಿನಲ್ಲಿ ಆರೋಗ್ಯ ವಿಮೆ ಇತ್ತು, ವಿಮೆಯಲ್ಲಿ ಫೆಲಿಸಾಳ ಹೃದಯದ ಔಷಧಿ ಇತ್ತು. ಹಾಗಾಗಿ ಅವನು ಬೇರೆಯವರಿಗೆ ಗೆರೆ ಎಳೆಯುವಂತಿರಲಿಲ್ಲ. ಅವನದು ಅಂತ ಒಂದೇ ಒಂದು ಸೃಷ್ಟಿ: ಲಿಗಾಯ. ಲೇಡಿ ಹಾರ್ಬರಿನ ಕಥೆಯಲ್ಲಿ ಸೈಕಲ್ ತುಳಿದು ಸುದ್ದಿ ತರುವ ಹುಡುಗಿ. ಹಾರುವುದಿಲ್ಲ, ಬೆಂಕಿ ಉಗುಳುವುದಿಲ್ಲ, ಒಂದು ಹಳದಿ ಮಳೆಕೋಟು, ಸಂದುಹಲ್ಲು. ಆ ಹೆಸರಿಗೆ ತಾಯಿ ಮಗನ ಭಾಷೆಯಲ್ಲಿ ಸಂತೋಷ ಎಂದರ್ಥ.

“ಅದು ನಾನೇ,” ಎಂದು ಫೆಲಿಸಾ ಒಂದು ಹಳೆಯ ಫೋಟೋ ತೋರಿಸಿದಳು. ಮನಿಲಾದಿಂದ ನರ್ಸ್ ಕೆಲಸಕ್ಕೆ ಬಂದಿಳಿದ ಹುಡುಗಿ, ಅಳತೆಗಿಂತ ದೊಡ್ಡ ಹಳದಿ ಕೋಟು, ಯಾರದೋ ಸೈಕಲ್ಲು. “ನನ್ನ ಮಗ ನನಗೆ ವಯಸ್ಸಾಗದ ಹಾಗೆ ಮಾಡಿದಾನೆ. ಡಾಕ್ಟರ ಕೈಲಿ ಆಗಲಿಲ್ಲ ಅದು.”

ಡೆಸ್ಪಿನಾಗೆ ವುಡ್‌ಸೈಡಿಗೆ ಹೋಗಲು ನೆಪಗಳಿಗೆ ಬರವಿರಲಿಲ್ಲ. ಹೋಗುವಾಗ ಎಳ್ಳು ಮೆತ್ತಿದ ಗ್ರೀಕ್ ಬ್ರೆಡ್ಡು ಒಯ್ಯುತ್ತಿದ್ದಳು. ಅವಳು ಬರೆದದ್ದನ್ನು ಅವನು ಗಟ್ಟಿಯಾಗಿ ಓದಿ ಹೊಡೆದುಹಾಕುತ್ತಿದ್ದ.

“‘ಅವನ ಕಣ್ಣಿನಲ್ಲಿ ನೂರು ಬಂದರುಗಳ ಒಂಟಿತನವಿತ್ತು.’ ಇದನ್ನ ನಾನು ಹೇಗೆ ಬಿಡಿಸ್ಲಿ ಮಾರಾಯ್ತಿ? ಕಣ್ಣೊಳಗೆ ಹಡಗು ನಿಲ್ಲಿಸ್ಲಾ?”

“ಅದು ನಿನ್ನ ಕಷ್ಟ. ನಾನು ಬರೆಯೋಳು.”

“ಮಾತು ಕಡಿಮೆ ಮಾಡು. ನಿನ್ನ ಮಾತಿನ ಗುಳ್ಳೆಗೆ ಜಾಗ ಕೊಟ್ಟೂ ಕೊಟ್ಟೂ ಲೇಡಿ ಹಾರ್ಬರಿಗೆ ನಿಲ್ಲೋಕೆ ಜಾಗ ಇಲ್ಲ. ಪಾಪ, ಮೂಲೆಗೆ ಒತ್ತಿಕೊಂಡು ಹಾರ್ತಿದಾಳೆ.”

‘ನೀವು’ ಯಾವಾಗ ಉದುರಿಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ರೈಲು ಬಂದಾಗಲೆಲ್ಲ ಅವನು ಕುಂಚ ಎತ್ತುತ್ತಿದ್ದ, ಅವಳು ಟೈಪ್ ಮಾಡುವ ಕೈ ನಿಲ್ಲಿಸುತ್ತಿದ್ದಳು. ನಗರದ ಉಳಿದವರು ಶಪಿಸುವ ಆ ಗದ್ದಲಕ್ಕೆ ಇವರಿಬ್ಬರು ಕಾಯತೊಡಗಿದರು. ಒಮ್ಮೆ ರೈಲು ದಾಟಿಹೋದ ಮೇಲೂ ಅವನ ಕುಂಚ ಗಾಳಿಯಲ್ಲೇ ಇತ್ತು, ತುದಿಯಿಂದ ಒಂದು ಹನಿ ಶಾಯಿ ಲೇಡಿ ಹಾರ್ಬರಿನ ಮೂಗಿನ ಮೇಲೆ ಬಿತ್ತು.

“ಕಂಪನಿಯ ಆಸ್ತಿ ಹಾಳುಮಾಡ್ದೆ,” ಅಂದಳು.

“ನೀನು ಮಾಡ್ಸಿದ್ದು.”

*

ಸಂಪಾದಕ ಹಾರ್ಗ್ರೋವ್ ಅವಳನ್ನು ಊಟಕ್ಕೆ ಕರೆದ. ಒಳ್ಳೆಯ ಬಟ್ಟೆ, ಒಳ್ಳೆಯ ಹಲ್ಲು. ಯಾವ ಮಾತಿಗೂ ದನಿ ಏರಿಸದ ಮನುಷ್ಯ.

“ನಿಮ್ಮ ಕರಾರಿನ ಕೊನೆಯ ಸಂಚಿಕೇಲಿ ಒಂದು ಸಾವು ಬೇಕು ಡೆಸ್ಪಿನಾ. ನಿಮ್ಮ ಓದುಗರು ಅಳಬೇಕು. ಆ ಸೈಕಲ್ ಹುಡುಗಿ ಸಾಕು.”

“ಲಿಗಾಯ ಯಾಕೆ?”

“ಲೇಡಿ ಹಾರ್ಬರ್ ಸಾಯೋಕಾಗಲ್ಲ. ಅವಳ ಮುಖ ಮಕ್ಕಳ ಊಟದ ಡಬ್ಬಿ ಮೇಲಿದೆ. ಆ ಹುಡುಗಿ ಮುಖ ಯಾವ ಡಬ್ಬಿ ಮೇಲೂ ಇಲ್ಲ.”

ಡಬ್ಬಿಯ ಮೇಲೆ ಮುಖವಿಲ್ಲದವರು ಸಾಯಬಹುದು. ಈ ನಗರ ನಡೆಯುವುದೇ ಹಾಗೆ. ರಾತ್ರಿಪಾಳಿ ಮಾಡಿ ಬೇರೆಯವರ ಮಲಮೂತ್ರ ತೆಗೆದ ಹುಡುಗಿಯರು, ಕೋಟು ಅಳತೆಗೆ ಸಿಗದ ಹುಡುಗಿಯರು, ಅವರ ಪಾತ್ರ ಬರುವುದು ಬೇರೊಬ್ಬರ ದುಃಖ ದೊಡ್ಡದಾಗಿ ಕಾಣಲಿ ಎಂದು ಸಾಯುವುದಕ್ಕೆ. ಡೆಸ್ಪಿನಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ನಾನು ಬರೆಯಲ್ಲ.”

“ಸಹಿ ಮಾಡಿದೀರಿ. ಬರೆಯದಿದ್ರೆ ಬೇರೆಯವರು ಬರೀತಾರೆ, ಹೆಸರು ನಿಮ್ಮದೇ ಇರುತ್ತೆ.” ಅವನು ಕರವಸ್ತ್ರದಿಂದ ತುಟಿ ಒತ್ತಿಕೊಂಡ. “ಅವರು ಬರೆದ್ರೆ ಹೇಗಿರುತ್ತೆ ಅಂತ ಊಹಿಸ್ಕೊಳ್ಳಿ. ಅದಕ್ಕಿಂತ ನೀವೇ ಚೆನ್ನಾಗಿ ಸಾಯಿಸಿ.”

ಹಾರ್ಗ್ರೋವನನ್ನು ಹೇಗಾದರೂ ಒಪ್ಪಿಸಿ ತಪ್ಪಿಸಬಹುದು, ಅಷ್ಟರವರೆಗೆ ಗನಿಗೆ ಹೇಳುವುದು ಬೇಡ, ಸುಮ್ಮನೆ ನೋಯುತ್ತಾನೆ ಎಂದುಕೊಂಡಳು. ಕಾಲಾವಕಾಶ ಇದೆ ಎಂದು ನಂಬಿದ್ದಳು. ಕಾದಂಬರಿಯ ಲೋಕದಲ್ಲಿ ಮುಖಪುಟ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಕಥೆ ಬರೆದು, ತಿದ್ದಿ, ಅಚ್ಚಿಗೆ ಕೊಡುವಾಗ ಯಾರೋ ಒಂದು ಗುಲಾಬಿಯನ್ನೋ ಒಂದು ಜೋಡಿ ಕೈಯನ್ನೋ ಅಂಟಿಸುತ್ತಾರೆ.

ಕಾಮಿಕ್ಸಿನಲ್ಲಿ ಮುಖಪುಟವೇ ಮೊದಲು. ಅಂಗಡಿಯವರು ಅದನ್ನು ನೋಡಿ ಆರ್ಡರ್ ಕೊಡಬೇಕು, ಕಥೆ ಹುಟ್ಟುವ ಮುಂಚೆಯೇ. ಇದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೂ ಒಮ್ಮೆ ವುಡ್‌ಸೈಡಿಗೆ ಹೋಗಿ ಏನೂ ಹೇಳದೆ ಬಂದಳು. ಅದರ ಮುಂದಿನ ವಾರ ಬ್ರೆಡ್ಡು ಹಿಡಿದು ಹೋದಾಗ ಗನಿಯ ಮೇಜಿನ ಮೇಲೆ ಅದಿತ್ತು. ಕುಸಿದ ಗೋಪುರದ ಮುಂದೆ ಲೇಡಿ ಹಾರ್ಬರ್. ತೋಳಿನಲ್ಲಿ ನೀಲಿ ನಿಲುವಂಗಿಯಲ್ಲಿ ಸುತ್ತಿದ ಒಂದು ಆಕಾರ. ಅದರಿಂದ ಜೋತುಬಿದ್ದ ಹಳದಿ ತೋಳು. ಕೈ ಬೆರಳುಗಳನ್ನು ಅವನು ಬಿಡಿಸಿರಲಿಲ್ಲ, ಬರೀ ಕೋಟಿನ ತೋಳು.

“ಹಾರ್ಗ್ರೋವ್ ಫೋನ್ ಮಾಡಿದ್ದ,” ಗನಿ ತಲೆಯೆತ್ತಲಿಲ್ಲ. “‘ಡೆಸ್ಪಿನಾ ಹೇಳಿರ್ಬೇಕಲ್ಲ’ ಅಂದ.”

ಅವಳು ಬ್ರೆಡ್ಡಿನ ಪೊಟ್ಟಣವನ್ನು ಕುರ್ಚಿಯ ಮೇಲಿಟ್ಟಳು.

“ಹೋದ ವಾರ ಇಲ್ಲಿ ಕೂತು ಸಾರು ಕುಡಿದ್ಯಲ್ಲ, ಆಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು. ತಪ್ಪಿಸ್ಬಹುದು ಅಂದ್ಕೊಂಡೆ.”

“ಅಮ್ಮ ನಿನಗೆ ಫೋಟೋ ತೋರ್ಸಿದ್ಲು. ನನ್ನ ಇಷ್ಟು ವರ್ಷದ ಸ್ನೇಹಿತರ್ಯಾರಿಗೂ ತೋರ್ಸಿಲ್ಲ ಅದನ್ನ.” ದನಿ ತಗ್ಗಿತ್ತು, ಅದೇ ಹೆಚ್ಚು ಚುಚ್ಚಿತು. “ನಿನ್ನ ಮಟ್ಟಿಗೆ ಇದೊಂದು ಅಧ್ಯಾಯ ಡೆಸ್ಪಿನಾ. ನೀನು ಮುಗಿಸಿ ಹೋಗ್ತೀಯ. ನಾನು ಇಲ್ಲೇ ಕೂತು, ನಮ್ಮಮ್ಮನ ಔಷಧಿಗೋಸ್ಕರ ನಮ್ಮಮ್ಮನ್ನೇ ಸಾಯಿಸಿ ಬಿಡಿಸ್ಬೇಕು.”

ರೈಲು ಬಂತು. ಅವನು ಕುಂಚ ಎತ್ತಲಿಲ್ಲ. ನಡುಗುವ ಮೇಜಿನ ಮೇಲೆ ಹಾಗೇ ಎಳೆದ ಗೆರೆ ಅಂಕುಡೊಂಕಾಗಿ ಗೋಪುರವನ್ನು ಸೀಳಿಕೊಂಡು ಹೋಯಿತು. ಅವಳನ್ನು ಅವನು ನೋಡಲೂ ಇಲ್ಲ.

*

ಆಸ್ಟೋರಿಯಾದ ಮನೆಯಲ್ಲಿ ಡೆಸ್ಪಿನಾ ಆ ಸಾವನ್ನು ಬರೆದಳು, ಹರಿದಳು. ಚಂದವಾಗಿ ಬರೆದಷ್ಟೂ ಅಸಹ್ಯವಾಯಿತು. ಬಿಟ್ಟುಹೋದರೆ ಇನ್ಯಾರೋ ಆ ಹುಡುಗಿಯನ್ನು ಕೊಚ್ಚಿಹಾಕುತ್ತಾರೆ. ಉಳಿದರೆ ಕೊಲ್ಲುವ ಕೈ ತನ್ನದು. ಬಾಗಿಲೇ ಇಲ್ಲದ ಕೋಣೆಯಲ್ಲಿ ಗೋಡೆ ತಡವುತ್ತಾ ಸುತ್ತು ಬಂದ ಹಾಗಾಯಿತು. ಗನಿ ಫೋನ್ ಎತ್ತಲಿಲ್ಲ. ಎತ್ತಿದರೆ ಫೆಲಿಸಾ: “ಮಗಳೇ, ಅವನು ಮಾತಾಡ್ತಿಲ್ಲ, ಅನ್ನ ಮಾತ್ರ ತಿಂತಿದಾನೆ. ನಿಮ್ಮಿಬ್ಬರದೂ ಏನು ಕಥೆ?”

“ನನ್ನ ತಪ್ಪಿನ ಕಥೆ,” ಅಂದಳು ಡೆಸ್ಪಿನಾ.

ಕೊನೆಗೆ ಅವಳು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ಆ ಪುಟಗಳಿಗೆ ಚೌಕಗಳ ವಿವರ ಬರೆಯಲಿಲ್ಲ, ಮಾತು ಬರೆಯಲಿಲ್ಲ. ಗನಿಗೆ ಕಳಿಸಿದ್ದು ಇಷ್ಟೇ: ‘ಗೋಪುರ ಕುಸಿಯುತ್ತದೆ. ನಿಲುವಂಗಿಯಲ್ಲಿ ಸುತ್ತಿ ಎತ್ತಿಕೊಂಡು ಹೋಗುತ್ತಾಳೆ. ನಡುವೆ ಆದದ್ದನ್ನು ಬಿಡಿಸುವ ಹಕ್ಕು ನಿನ್ನದು. ನೀನು ಬಿಡಿಸು, ಆಮೇಲೆ ಬೇಕಾದರೆ ನಾನು ಮಾತು ಹಾಕುತ್ತೇನೆ.’ ಹಳೆಯ ಕಾಮಿಕ್ಸಿನವರು ಹೀಗೇ ಮಾಡುತ್ತಿದ್ದರಂತೆ. ಮೊದಲು ಚಿತ್ರ, ಆಮೇಲೆ ಮಾತು.

ಉತ್ತರ ಬರಲಿಲ್ಲ. ಮೇಪಲ್ ಮರಗಳು ಕೆಂಪಾಗಿ ಉದುರತೊಡಗಿದ ಮೇಲೆ ಪುಟಗಳು ಬಂದವು, ಕಂಪನಿಯ ಮೂಲಕ, ಜೆರಾಕ್ಸ್ ಪ್ರತಿಗಳಾಗಿ. ಮಾತು ತುಂಬಿ ಆ ಸಂಜೆಯೇ ಮರಳಿಸಬೇಕಂತೆ.

ಮೊದಲ ಚೌಕ: ಗೋಪುರದ ಕೆಳಗೆ ಸೈಕಲ್ ನಿಲ್ಲಿಸಿ ತಲೆಯೆತ್ತಿ ನೋಡುತ್ತಿರುವ ಲಿಗಾಯ. ಎರಡನೆಯದು: ಧೂಳು. ಅಷ್ಟೇ, ಧೂಳು. ಎರಡರ ನಡುವೆ ಬಿಳಿ. ಎಂದಿಗಿಂತ ಕೂದಲೆಳೆಯಷ್ಟು ಅಗಲವಾಗಿದ್ದ ಬಿಳಿ.

ಪುಟ ತಿರುವಿದಳು. ಇಡೀ ಹಾಳೆಗೆ ಒಂದೇ ಚಿತ್ರ. ಲೇಡಿ ಹಾರ್ಬರ್ ಜನರ ನಡುವೆ ನಡೆದು ಬರುತ್ತಿದ್ದಾಳೆ, ತೋಳಿನಲ್ಲಿ ಸುತ್ತಿದ ಆಕಾರ, ಜೋತುಬಿದ್ದ ಹಳದಿ ತೋಳು. ಎರಡೂ ಕಡೆ ಗುಂಪು. ಟೋಪಿ ತೆಗೆದವರು, ಬಾಯಿ ಮುಚ್ಚಿಕೊಂಡವರು, ಎಲ್ಲರ ಮುಖವೂ ಅವಳ ಕಡೆಗೆ.

ಇಬ್ಬರನ್ನು ಬಿಟ್ಟು.

ಹಾಳೆಯ ಬಲ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಎತ್ತರದ ಎರಡು ಬೆನ್ನುಗಳು ಗುಂಪಿಗೆ ವಿರುದ್ಧವಾಗಿ ಹೊರಟಿದ್ದವು. ಒಂದು ಹುಡುಗಿ, ಕೋಟಿಲ್ಲದೆ, ತೆಳು ಅಂಗಿಯಲ್ಲಿ, ಸೈಕಲ್ ತಳ್ಳಿಕೊಂಡು. ಅವಳ ಇನ್ನೊಂದು ಕೈ ಹಿಡಿದು ಕರೆದೊಯ್ಯುತ್ತಿದ್ದ ಒಬ್ಬ ಹೆಂಗಸು. ಡೆಸ್ಪಿನಾ ಭೂತಗನ್ನಡಿ ಹುಡುಕಿ ತಂದಳು. ಆ ಹೆಂಗಸಿನ ತುರುಬಿನಲ್ಲಿ ಒಂದು ಪೆನ್ಸಿಲ್ ಇತ್ತು.

ಅವಳ ಕೈ ತಾನಾಗಿ ತಲೆಯ ಹಿಂದಕ್ಕೆ ಹೋಯಿತು.

ಹೆಸರು ಕಂಪನೀದು, ಕೋಟು ಕಂಪನೀದು. ಎರಡನ್ನೂ ಅವರ ಲೇಡಿ ಹಾರ್ಬರಿನ ತೋಳಿಗೇ ಹಾಕಿ ಹುಡುಗಿಯನ್ನು ಅವನು ಬಿಡಿಸಿಕೊಂಡು ಹೋಗಿದ್ದ. ಕರೆದೊಯ್ಯುವ ಕೈ ಯಾರದಿರಬೇಕೆಂದೂ ಅವನೇ ತೀರ್ಮಾನಿಸಿದ್ದ. ಇಷ್ಟು ದಿನದ ಮೌನ ಸಿಟ್ಟಲ್ಲ, ಆ ಪುಟಗಳಿಗೆ ಹಿಡಿದ ಹೊತ್ತು.

ಈಗ ಉಳಿದದ್ದು ಅವಳ ಕೆಲಸ. ಒಂದು ಮಾತಿನ ಗುಳ್ಳೆ ಹಾಕಿದರೂ ಸಂಪಾದಕನ ಕಣ್ಣು ಓದುತ್ತಾ ಅಂಚಿನವರೆಗೆ ಬರುತ್ತದೆ. ಮಾತಿಲ್ಲದಿದ್ದರೆ ಕಣ್ಣು ನಡುವಿನ ಹೆಣಕ್ಕೆ ಅಂಟಿಕೊಂಡಿರುತ್ತದೆ, ಕೈ ಪುಟ ತಿರುವಿಬಿಡುತ್ತದೆ. ಸಾಲುಗಳು ಅವಳೊಳಗೆ ನುಗ್ಗಿ ಬಂದವು, ಒಂದಕ್ಕಿಂತ ಒಂದು ಚಂದದವು. ಎಲ್ಲವನ್ನೂ ನುಂಗಿದಳು. ಪುಟವನ್ನು ಬರಿದಾಗಿ ಮಡಚಿ, ತಾನೇ ಒಯ್ದು ಕೊಟ್ಟಳು.

ಹಾರ್ಗ್ರೋವ್ ತಿರುವಿ ನೋಡಿದ. ಅವಳು ಅವನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಅದು ಹಾಳೆಯ ಬಲ ಅಂಚಿನಲ್ಲಿ, ಸೈಕಲ್ಲಿನ ಚಕ್ರದ ಪಕ್ಕದಲ್ಲೇ ಇತ್ತು.

“ಮಾತೇ ಇಲ್ಲ?”

“ಸಾವಿನ ಮುಂದೆ ಏನು ಮಾತು?”

ಹೆಬ್ಬೆರಳು ಸರಿಯಿತು. “ಚೆನ್ನಾಗಿದೆ,” ಅಂದ. “ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ.” ಪುಟ ಅಚ್ಚಿಗೆ ಹೋಗುವ ಕಟ್ಟಿನ ಮೇಲೆ ಬಿತ್ತು.

*

ಬಾಗಿಲು ತೆರೆದದ್ದು ಫೆಲಿಸಾ. ಈ ಸಲ ಅವಳು ಕೂಗಲಿಲ್ಲ, ಡೆಸ್ಪಿನಾಳ ಕೈ ಹಿಡಿದುಕೊಂಡಳು.

“ಅವನ ಮೇಜಿನ ಮೇಲೆ ನೋಡ್ದೆ. ನನ್ನ ಕಣ್ಣಿಗೆ ಪೊರೆ ಬಂದಿದೆ, ಬುದ್ಧಿಗೆ ಬಂದಿಲ್ಲ. ನನ್ನನ್ನ ಕರ್ಕೊಂಡು ಹೋಗ್ತಿರೋಳು ಯಾರು ಅಂತ ಗೊತ್ತಾಯ್ತು.” ಆಮೇಲೆ ಗೊಣಗಿದಳು, “ಕೋಟಾದ್ರೂ ಬಿಡಿಸ್ಬಾರದಿತ್ತಾ ಅವನು. ಚಳಿ.”

ಗನಿ ಒಳಗಿನ ಬಾಗಿಲ ಚೌಕಟ್ಟಿನಲ್ಲಿ ನಿಂತಿದ್ದ. ಬೆರಳ ತುದಿಗೆ ಅದೇ ಶಾಯಿ.

“ಪುಟ ಹೋಯ್ತಾ?”

“ಹೋಯ್ತು. ಒಂದು ಮಾತೂ ಹಾಕಿಲ್ಲ.”

“ನೀನು?”

“ನಾನೇ.”

ಅವನ ಕಣ್ಣಿನಲ್ಲಿ ಆ ಮೊದಲ ದಿನದ ನಗು ಮೆಲ್ಲಗೆ ಬಂದು ಕೂತಿತು. ಮುಖದ ಉಳಿದ ಭಾಗ ದಣಿದಿತ್ತು. “ಸೋಮವಾರದಿಂದ ಮತ್ತೆ ಲೇಡಿ ಹಾರ್ಬರ್. ಕರಾರು ಎಲ್ಲೂ ಹೋಗಲ್ಲ.”

“ನನಗೂ ಒಂದು ಮದುವೆ ಬರ್ಕೊಡೋದಿದೆ. ಯಾರದೋ.” ಅವಳು ಹೊಸಲಿನ ಈಚೆಗೇ ನಿಂತಿದ್ದಳು. “ಗನಿ, ನಾನು ಮುಚ್ಚಿಟ್ಟಿದ್ದು ತಪ್ಪು. ಅದನ್ನ ಹೇಳ್ಬೇಕು, ಒಳಗೆ ಬರ್ಬೇಕು, ಅಳೋದೂ ಇದೆ, ನಿನ್ನನ್ನ ಬಿಟ್ಟಿರೋಕಾಗಲ್ಲ ಅಂತಲೂ ಹೇಳೋದಿದೆ.”

“ಒಂದು ಚೌಕ,” ಅಂದ ಗನಿ, “ಒಂದು ಕೆಲಸ.”

ಅವಳು ಯೋಚಿಸಿದಳು. ಹೊಸಲು ದಾಟಿದಳು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಸೇತುವೆಯ ಮೇಲೆ ರೈಲು ಬಂತು. ಅಡುಗೆಮನೆಯಲ್ಲಿ ಲೋಟಗಳು ಕಿಣಿಕಿಣಿ ಎಂದವು. ಫೆಲಿಸಾ ಯಾರೂ ಕೇಳದಿದ್ದರೂ ಟಿ.ವಿ.ಯ ದನಿ ಏರಿಸಿ ಬೆನ್ನು ತಿರುಗಿಸಿ ಕೂತಳು.

ರೈಲು ಹೋದಾಗ ಪೆನ್ಸಿಲು ನೆಲದ ಮೇಲಿತ್ತು. ಅವಳ ತುರುಬು ಬಿಚ್ಚಿತ್ತು, ಕಿವಿಯ ಪಕ್ಕ ಒಂದು ಬೆರಳಗಲ ಶಾಯಿಯ ಗುರುತು.